ಸೂರ್ಯನಿಲ್ಲದ ಮೂರು ದಿನ

ಪತ್ರ: “ಕಾಲಕ್ಕೂ ಒಂದು ಶುರು ಇದೆ ಎಂದು ಹಳೆಯ ಯೆಹೂದಿ ಚಿಂತಕರು ನಂಬಿದ್ದರು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ ಸೃಷ್ಟಿಕಥೆಯಲ್ಲಿ ಸೂರ್ಯ ಬರುವುದೇ ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನ ಎಣಿಸಿದ್ದು ಹೇಗೆ? ಜಗತ್ತನ್ನು ಮಾಡಿದ್ದು ಯಾವುದರಿಂದ?”

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಅಲೆಕ್ಸಾಂಡ್ರಿಯಾದ ಯೆಹೂದಿ ತತ್ತ್ವಜ್ಞಾನಿ ಫಿಲೋ ಈ ದಿನಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ದ. ಅವನ ಪ್ರಕಾರ ಕಾಲ ಅಂದರೆ ಜಗತ್ತಿನ ಚಲನೆಯ ಅಳತೆ. ಚಲಿಸುವುದೇ ಇಲ್ಲದಾಗ ಅಳೆಯುವುದೇನನ್ನು? ಹಾಗಾಗಿ ಆದಿಕಾಂಡದ ‘ಆದಿಯಲ್ಲಿ’ ಎಂಬುದು ಹೊತ್ತಿನ ಮಾತಲ್ಲ, ಕ್ರಮದ ಮಾತು. ಸೃಷ್ಟಿಯ ಆರು ದಿನವೂ ಅಷ್ಟೇ. ದೇವರಿಗೆ ಅಷ್ಟು ಸಮಯ ಬೇಕಿರಲಿಲ್ಲ, ಸೃಷ್ಟಿಗೆ ಒಂದು ಕ್ರಮ ಬೇಕಿತ್ತು.

ಎರಡನೇ ಪ್ರಶ್ನೆ ಜಾಸ್ತಿ ಕಷ್ಟದ್ದು. ರೂಪವಿಲ್ಲದ, ಜೀವವಿಲ್ಲದ ವಸ್ತುವಿಗೆ ದೇವರು ಅಂದ ಕೊಟ್ಟ ಎನ್ನುತ್ತಾನೆ ಫಿಲೋ. ಆ ವಸ್ತು ಎಲ್ಲಿತ್ತು? ಅವನು ಬಿಡಿಸಿ ಹೇಳುವುದಿಲ್ಲ. ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ.

ಇದೇ ಮಾತನ್ನು ಹಿಡಿದ ಒಂದು ಕಥೆ ಆದಿಕಾಂಡದ ಬಗ್ಗೆ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಮಾಡಿದ ಹಳೆಯ ವ್ಯಾಖ್ಯಾನದಲ್ಲಿದೆ. ತತ್ತ್ವಜ್ಞಾನಿಯೊಬ್ಬ ರಬ್ಬಿ ಗಮಲಿಯೇಲನ ಹತ್ತಿರ ಬಂದು ಹೇಳುತ್ತಾನೆ: ನಿಮ್ಮ ದೇವರು ದೊಡ್ಡ ಚಿತ್ರಗಾರ, ಒಪ್ಪಿದೆ. ಆದರೆ ಅವನಿಗೆ ಒಳ್ಳೊಳ್ಳೆ ಬಣ್ಣಗಳು ಸಿಕ್ಕಿದ್ದವು. ತೋಹು, ಬೋಹು, ಅಂದರೆ ಬರಿದು, ಬಟ್ಟಬಯಲು. ಆಮೇಲೆ ಕತ್ತಲೆ, ಗಾಳಿ, ನೀರು, ಆಳ. ಈ ಮಾತು ಸುಮ್ನೆ ಕೆಣಕಲು ಆಡಿದ್ದಲ್ಲ. ಬಣ್ಣ ಮೊದಲೇ ಇದ್ದರೆ ದೇವರು ಬರೀ ಕುಶಲಕರ್ಮಿ ಆಗಿಬಿಡುತ್ತಾನೆ, ಅಲ್ವಾ? ಗಮಲಿಯೇಲ ಖಾರವಾಗಿಯೇ ಉತ್ತರಿಸುತ್ತಾನೆ. ಕತ್ತಲೆಯನ್ನೂ ದೇವರೇ ಉಂಟುಮಾಡಿದ ಎನ್ನಲು ಪ್ರವಾದಿ ಯೆಶಾಯನ ವಚನ, ಗಾಳಿಗೆ ಪ್ರವಾದಿ ಆಮೋಸನ ವಚನ, ಹೀಗೆ ಒಂದೊಂದು ಬಣ್ಣವನ್ನೂ ಕಿತ್ತುಕೊಳ್ಳುತ್ತಾನೆ. ಗ್ರಂಥವನ್ನು ನಂಬದವನಿಗೆ ಇದು ಸಾಲದು ಎಂದೇ ನನಗನ್ನಿಸುತ್ತದೆ.

ಬರೀ ತರ್ಕದ ಉತ್ತರ ಬೇಕಿದ್ದರೆ ಯೆಹೂದಿ ಚಿಂತಕ ಸಾದಿಯಾ ಗಾವೋನನ ಹತ್ತಿರ ಹೋಗಬೇಕು. 882ರಲ್ಲಿ ಈಜಿಪ್ಟಿನಲ್ಲಿ ಹುಟ್ಟಿದವನು, 933ರ ಸುಮಾರಿಗೆ ಬಾಗ್ದಾದಿನಲ್ಲಿ ಅರಬ್ಬಿಯಲ್ಲಿ ದೊಡ್ಡ ಗ್ರಂಥ ಬರೆದ. ಅವನು ಹೇಳುವುದಿಷ್ಟು: ಕಳೆದುಹೋದ ಕಾಲಕ್ಕೆ ಶುರುವೇ ಇಲ್ಲದಿದ್ದರೆ, ಅದನ್ನೆಲ್ಲ ದಾಟಿ ಈ ಹೊತ್ತು ನಮ್ಮವರೆಗೆ ಬರಲು ಆಗುತ್ತಿರಲಿಲ್ಲ. ಆದರೆ ನಾವು ಇದ್ದೇವೆ. ಅಂದಮೇಲೆ ಕಾಲಕ್ಕೆ ಶುರು ಇರಲೇಬೇಕು.

ಒಂದು ಮೈಲಿಯನ್ನೂ ಕೊನೆಯಿಲ್ಲದಷ್ಟು ತುಂಡು ಮಾಡಬಹುದು, ಆದರೂ ನಡೆದು ಮುಗಿಸುತ್ತೇವಲ್ಲ ಎಂಬ ಆಕ್ಷೇಪವೂ ಅವನಿಗೆ ಗೊತ್ತಿತ್ತು. ಆ ತುಂಡುಗಳಿರುವುದು ಯೋಚನೆಯಲ್ಲಿ, ಕಳೆದ ದಿನಗಳು ನಿಜವಾಗಿಯೂ ಕಳೆದಿವೆ ಎಂದು ಅವನು ಉತ್ತರ ಕೊಟ್ಟ.