ಪ್ರಯೋಗಕ್ಕೆ ಮಗಳನ್ನು ಸೇರಿಸಲಾ? ಅಂಗವೈಕಲ್ಯ, ಓದು ಮತ್ತು ವಿಶ್ವವಿದ್ಯಾಲಯಗಳ ಸಂಶೋಧನೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಮಗಳಿಗೆ 6 ವರ್ಷ. ಮಾತು ಬಂದಿಲ್ಲ. ಚಿತ್ರ ಒತ್ತಿದರೆ ಧ್ವನಿ ಬರುವ ಟ್ಯಾಬ್ಲೆಟ್ ಬಗ್ಗೆ ವಿಶ್ವವಿದ್ಯಾಲಯದವರು ಸಂಶೋಧನೆ ಮಾಡುತ್ತಿದ್ದಾರೆ. ಇವಳನ್ನೂ ಸೇರಿಸಿ ಅಂತ ಕೇಳಿದ್ದಾರೆ. ಯಂತ್ರವೇ ಮಾತಾಡಿದರೆ ಇವಳು ಮಾತು ಕಲಿಯುವುದನ್ನೇ ಬಿಟ್ಟುಬಿಡುತ್ತಾಳೆ ಅಂತ ಮನೆಯವರಿಗೆಲ್ಲ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಅಪ್ಪ-ಅಮ್ಮ ಮೊದಲು ಕೇಳುವುದೇ ಇದನ್ನು. ಸಂಶೋಧಕರೂ ಇದನ್ನೇ ಹಿಡಿದು ನೋಡಿದ್ದಾರೆ. 2006ರಲ್ಲಿ ಅಮೆರಿಕದ ಮೂವರು ಸಂಶೋಧಕರು ಅಲ್ಲಿಯವರೆಗಿನ 23 ಅಧ್ಯಯನಗಳನ್ನು ಜರಡಿ ಹಿಡಿದರು. ಅವುಗಳಲ್ಲಿ ಗಟ್ಟಿಯಾಗಿ ನಂಬಬಹುದಾದವು 6 ಮಾತ್ರ, ಒಟ್ಟು 27 ಜನರ ಮೇಲೆ ನಡೆದವು. ಚಿತ್ರ, ಸನ್ನೆ, ಯಂತ್ರ ಬಳಸಿದ ಮೇಲೆ ಆ 27 ಜನರಲ್ಲಿ ಒಬ್ಬರಿಗೂ ಮಾತು ಕಡಿಮೆಯಾಗಲಿಲ್ಲ. ಶೇ 11ರಷ್ಟು ಜನರಲ್ಲಿ ಬದಲಾವಣೆ ಇರಲಿಲ್ಲ. ಉಳಿದ ಶೇ 89 ಜನರಲ್ಲಿ ಮಾತು ಹೆಚ್ಚಾಯಿತು. ಹಾಗಂತ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಹೆಚ್ಚಿನವರಲ್ಲಿ ಆದ ಏರಿಕೆ ಸಣ್ಣದೇ. ಆದರೆ ಟ್ಯಾಬ್ಲೆಟ್ ಮಾತನ್ನು ನುಂಗಿಬಿಡುತ್ತದೆ ಅನ್ನುವ ಭಯಕ್ಕೆ ಆಧಾರ ಸಿಗಲಿಲ್ಲ.

ಇನ್ನೊಂದು ಮಾತು. ಮಗಳು ಒತ್ತುವಾಗ ಅವಳ ಕೈಯನ್ನು ಯಾರಾದರೂ ಹಿಡಿದುಕೊಂಡಿರುತ್ತಾರಾ ಅಂತ ಕೇಳಿ. 1990ರ ದಶಕದಲ್ಲಿ ಮಾತು ಬಾರದವರ ಕೈ ಹಿಡಿದು ಟೈಪ್ ಮಾಡಿಸುವ ಒಂದು ವಿಧಾನ ತುಂಬಾ ಹರಡಿತ್ತು. ವಿಶ್ವವಿದ್ಯಾಲಯದ ಹೆಸರೂ ಅದರ ಬೆನ್ನಿಗಿತ್ತು. ಆಮೇಲೆ ಸರಳವಾದ ಪರೀಕ್ಷೆ ಮಾಡಿದರು. ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಬೇರೆ ಚಿತ್ರ ತೋರಿಸಿದರು. ಟೈಪ್ ಆಗಿದ್ದು ಕೈ ಹಿಡಿದವರು ನೋಡಿದ್ದು! ಮೋಸ ಮಾಡಬೇಕು ಅಂತ ಅವರು ಹಾಗೆ ಮಾಡಿರಲಿಲ್ಲ, ತಮಗೇ ಗೊತ್ತಾಗದೆ ಮಾಡುತ್ತಿದ್ದರು. ಮಗು ತಾನೇ ಹೇಳುತ್ತಿದೆ ಅಂತ ನಂಬಿದ್ದ ಎಷ್ಟೋ ಅಪ್ಪ-ಅಮ್ಮಂದಿರಿಗೆ ಆ ದಿನ ಏನಾಗಿರಬೇಕು, ಯೋಚಿಸಿ. ಅದಕ್ಕೇ ಹೇಳುತ್ತೇನೆ, ಒತ್ತುವ ಬೆರಳು ನಿಮ್ಮ ಮಗಳದೇ ಆಗಿರಲಿ.

ಸಹಿ ಹಾಕುವ ಮೊದಲು ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಯಿಂದ ಯಾರಿಗೂ ಅನ್ಯಾಯವಾಗದಂತೆ ನೋಡುವ ಸಮಿತಿಯ, ಒಪ್ಪಿಗೆ ಇದೆಯಾ ಕೇಳಿ. ವಿಡಿಯೊ ಮಾಡಿದರೆ ಅದನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತಲೂ ಕೇಳಿ. ಮಧ್ಯದಲ್ಲಿ ಬಿಟ್ಟು ಬರುವ ಹಕ್ಕು ನಿಮಗಿದೆ, ಕಾರಣ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಸಂಶೋಧನೆ ಮುಗಿದ ಮೇಲೆ ಟ್ಯಾಬ್ಲೆಟ್ ಮಗಳ ಹತ್ತಿರವೇ ಇರುತ್ತದಾ? ಅದು ಅವಳ ದನಿಯಾಗಿಬಿಟ್ಟ ಮೇಲೆ ವಾಪಸ್ ತೆಗೆದುಕೊಂಡು ಹೋದರೆ ಅದಕ್ಕಿಂತ ಕ್ರೂರವಾದದ್ದು ಇಲ್ಲ. ಈ ಪ್ರಶ್ನೆಗೆ ತಡವರಿಸುವವರ ಜೊತೆ ನಾನಾದರೆ ಸೇರುವುದಿಲ್ಲ. ಮಗಳಿಗೂ ತೋರಿಸಿ, ಅವಳನ್ನೂ ಕೇಳಿ. ಮುಖ ತಿರುಗಿಸಿದರೆ ಅದೂ ಉತ್ತರವೇ, ಅಲ್ವಾ?

ಪ್ರಶ್ನೆ: ನಾನು ಶಿಕ್ಷಕಿ. ತರಗತಿಯಲ್ಲಿ ಕಿವಿ ಸರಿಯಾಗಿ ಕೇಳದ ಹುಡುಗ ಒಬ್ಬ, ದೃಷ್ಟಿ ಮಂದವಾದ ಹುಡುಗಿ ಒಬ್ಬಳು ಇದ್ದಾರೆ. ಸಂಶೋಧನಾ ಲೇಖನ ಓದಲು ನನಗೆ ಸಮಯವಿಲ್ಲ. ನಾಳೆಯೇ ಮಾಡಬಹುದಾದದ್ದು ಏನಾದರೂ ಇದೆಯಾ?

ಉತ್ತರ: ಇದೆ. ತೋರಿಸುವ ಪ್ರತಿ ವಿಡಿಯೊಗೂ ಕ್ಯಾಪ್ಷನ್ ಹಾಕಿ, ಅಂದರೆ ಆಡುವ ಮಾತು ಪರದೆಯ ಮೇಲೆ ಅಕ್ಷರವಾಗಿ ಬರಲಿ. 2015ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಟನ್ ಆನ್ ಗರ್ನ್ಸ್‌ಬ್ಯಾಕರ್ ಇದರ ಬಗ್ಗೆ ಬರೆದರು. ಕ್ಯಾಪ್ಷನ್ ಇದ್ದರೆ ಅರ್ಥವಾಗುವುದು, ಗಮನ, ನೆನಪು ಮೂರೂ ಹೆಚ್ಚುತ್ತವೆ ಅಂತ 100ಕ್ಕೂ ಜಾಸ್ತಿ ಅಧ್ಯಯನಗಳು ತೋರಿಸಿವೆ. ಕಿವಿ ಚೆನ್ನಾಗಿ ಕೇಳುವ ಮಕ್ಕಳಿಗೂ ಇದು ಉಪಯೋಗ. ತಾನಾಗಿ ಬರುವ ಕ್ಯಾಪ್ಷನ್‌ನಲ್ಲಿ ತಪ್ಪು ಇರುತ್ತದೆ, ಒಮ್ಮೆ ನೋಡಿ ತಿದ್ದಿ. ದೃಷ್ಟಿ ಮಂದವಾದ ಹುಡುಗಿಗಾಗಿ, ಬೋರ್ಡ್ ಮೇಲೆ ಬರೆಯುವುದನ್ನು ಬಾಯಲ್ಲೂ ಹೇಳಿ. ಆದರೆ ಹೇಳುವಾಗ ಮುಖ ಮಕ್ಕಳ ಕಡೆ ಇರಲಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಸನ್ನೆ ಭಾಷೆಯನ್ನು ಮಾತಾಗಿ ಬದಲಿಸುವ ಕೈಗವಸು ಮಾಡುವುದು ನಮ್ಮ ಪ್ರಾಜೆಕ್ಟ್. ನಿಮ್ಮ ಅಭಿಪ್ರಾಯ ಹೇಳಿ.

ಉತ್ತರ: ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಕೈಗವಸನ್ನು ಎಷ್ಟೋ ಕಡೆ ಎಷ್ಟೋ ಸಲ ಮಾಡಿದ್ದಾರೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳಿಗೆ ಇದಕ್ಕೇ ಬಹುಮಾನವೂ ಬಂತು. ಅದೇ ವಿಶ್ವವಿದ್ಯಾಲಯದ ಭಾಷಾ ವಿಜ್ಞಾನಿಗಳು, ಕಿವುಡ ಸಮುದಾಯದವರು ಇದು ಯಾಕೆ ಕೆಲಸಕ್ಕೆ ಬರುವುದಿಲ್ಲ ಅಂತ ವಿವರವಾಗಿ ಬರೆದರು.

ಕಾರಣ ಹಳೆಯದು. ವಿಲಿಯಂ ಸ್ಟೋಕಿ 1955ರಲ್ಲಿ ಅಮೆರಿಕದ ಗ್ಯಾಲೊಡೆಟ್‌ಗೆ ಇಂಗ್ಲಿಷ್ ಪಾಠ ಮಾಡಲು ಬಂದವರು. ಅದು ಕಿವುಡ ವಿದ್ಯಾರ್ಥಿಗಳಿಗಾಗಿಯೇ ಇರುವ ಉನ್ನತ ಶಿಕ್ಷಣ ಸಂಸ್ಥೆ. ಆಗ ಸನ್ನೆ ಅಂದರೆ ಇಂಗ್ಲಿಷ್‌ನ ಮುರುಕು ರೂಪ, ಸುಮ್ನೆ ಕೈ ಆಡಿಸುವುದು ಅಂತ ಹೆಚ್ಚಿನವರು ನಂಬಿದ್ದರು. ಸ್ಟೋಕಿ ವಿದ್ಯಾರ್ಥಿಗಳ ಕೈಗಳನ್ನು ಗಮನವಿಟ್ಟು ನೋಡಿದರು. ಕೈಯ ಆಕಾರ, ಅದು ಇರುವ ಜಾಗ, ಅದರ ಚಲನೆ ಸೇರಿ ಒಂದೊಂದು ಪದವಾಗುತ್ತದೆ, ಅದಕ್ಕೆ ತನ್ನದೇ ವ್ಯಾಕರಣ ಇದೆ ಅಂತ 1960ರಲ್ಲಿ ತೋರಿಸಿದರು. ಮೊದಮೊದಲು ಜೊತೆಗಿದ್ದವರೇ ಒಪ್ಪಲಿಲ್ಲ. ಆಮೇಲೆ ಬಂದ ಸಂಶೋಧನೆ ಮುಖವೂ ವ್ಯಾಕರಣದ ಭಾಗ ಅಂತ ತೋರಿಸಿತು. ಅಮೆರಿಕನ್ ಸನ್ನೆ ಭಾಷೆಯಲ್ಲಿ ಹುಬ್ಬು ಏರಿಸಿದರೆ ಅದೇ ಸಾಲು ಹೌದಾ-ಇಲ್ಲವಾ ಅನ್ನುವ ಪ್ರಶ್ನೆಯಾಗುತ್ತದೆ. ನಿಮ್ಮ ಕೈಗವಸಿಗೆ ಹುಬ್ಬು ಕಾಣುತ್ತದಾ? ಎದುರಿನವರು ಆಡಿದ ಮಾತು ಕಿವುಡರಿಗೆ ತಿಳಿಯುವುದು ಹೇಗೆ? ಕೈಗವಸು ಹಾಕಿಕೊಳ್ಳುವ ಕಷ್ಟ ಕಿವುಡರಿಗೆ, ಅನುಕೂಲ ಕಿವಿ ಕೇಳುವವರಿಗೆ.

1993ರಲ್ಲಿ ಫಿಲಿಪ್ಸ್, ಝಾವೊ ಅನ್ನುವ ಇಬ್ಬರು ಗಾಲಿಕುರ್ಚಿ, ಊರುಗೋಲಿನಂಥ ಸಹಾಯಕ ಸಾಧನ ಬಳಸುವ 227 ಜನರನ್ನು ಕೇಳಿದರು. ಶೇ 29ರಷ್ಟು ಸಾಧನಗಳನ್ನು ಅವರು ಪೂರ್ತಿ ಬಿಟ್ಟುಬಿಟ್ಟಿದ್ದರು. ಹೀಗೆ ಮೂಲೆ ಸೇರಿದ್ದಕ್ಕೆ ಒಂದು ಮುಖ್ಯ ಕಾರಣ, ಆರಿಸುವಾಗ ಬಳಸುವವರ ಮಾತು ಕೇಳದೆ ಇದ್ದದ್ದು.

ಇದಕ್ಕೆ ಎದುರಾದ ಉದಾಹರಣೆ ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಜಾನ್ ಲಿನ್‌ವಿಲ್. ಅವರ ಮಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರು ಆಪ್ಟಕಾನ್ ಅನ್ನುವ ಸಾಧನ ಮಾಡಿದರು. ಒಂದು ಕೈಯಲ್ಲಿ ಸಣ್ಣ ಕ್ಯಾಮೆರಾವನ್ನು ಅಚ್ಚಾದ ಪುಟದ ಮೇಲೆ ಸರಿಸಬೇಕಿತ್ತು. ಇನ್ನೊಂದು ಕೈಯ ಬೆರಳಿನ ಕೆಳಗೆ 144 ಸಣ್ಣ ಕಡ್ಡಿಗಳು ನಡುಗಿ ಅಕ್ಷರದ ಆಕಾರ ತಿಳಿಸುತ್ತಿದ್ದವು. ಅದು ಸರಿಯಿದೆಯಾ ಇಲ್ಲವಾ ಅಂತ ಹೇಳುವ ಮಗಳು ಮನೆಯಲ್ಲೇ ಇದ್ದಳು. ಮುಂದೆ ಅವಳು ಅದನ್ನೇ ಬಳಸಿ ಓದಿದಳು.

ನೀವೂ ಸರ್ಕ್ಯೂಟ್ ಬರೆಯುವ ಮೊದಲು ಕಿವುಡರ ಸಂಘಕ್ಕೆ ಹೋಗಿ. ದುಭಾಷಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಐಡಿಯಾ ಹೇಳಬೇಡಿ, ಅವರ ಕಷ್ಟ ಕೇಳಿ. ತರಗತಿಯಲ್ಲಿ ಪಾಠ ಅಕ್ಷರವಾಗಿ ಬರಲಿ, ಯಾರೋ ಕರೆದದ್ದು ಗೊತ್ತಾಗಲಿ, ಹೀಗೆ ನೀವು ಊಹಿಸದ್ದು ಏನೋ ಹೇಳಬಹುದು. ಅವರ ಸಮಯಕ್ಕೆ ಹಣ ಕೊಡಿ. ವರದಿಯಲ್ಲಿ ಅವರ ಹೆಸರೂ ಇರಲಿ, ಅವರು ಒಪ್ಪಿದರೆ.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಗಣಿತ ಎಂದರೆ ಪ್ರಾಣ. ಪಿಎಚ್‌ಡಿ ಮಾಡುವ ಆಸೆ ಇದೆ. "ನಿಮ್ಮಂಥವರಿಗೆ ಕಷ್ಟ, ಬೇರೆ ವಿಷಯ ತಗೊಳ್ಳಿ" ಅಂತ ಹೇಳುತ್ತಿದ್ದಾರೆ.

ಉತ್ತರ: ಅಬ್ರಹಾಂ ನೆಮತ್ ಅವರಿಗೂ ಇದನ್ನೇ ಹೇಳಿದ್ದರು. ಹುಟ್ಟಿನಿಂದ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಗಣಿತ ಬೇಡ ಎಂದರು, ಅವರು ಮನಶ್ಶಾಸ್ತ್ರ ಓದಿದರು. ಆದರೆ ಗಣಿತ ಬಿಡಲಿಲ್ಲ. ಬ್ರೈಲ್‌ನಲ್ಲಿ ಗಣಿತ ಬರೆಯಲು ತಾವೇ ಒಂದು ಪದ್ಧತಿ ಕಟ್ಟಿದರು, ಅದು 1952ರಲ್ಲಿ ಪ್ರಕಟವಾಯಿತು. ಆಮೇಲೆ ಡೆಟ್ರಾಯ್ಟ್ ವಿಶ್ವವಿದ್ಯಾಲಯದಲ್ಲಿ 30 ವರ್ಷ ಪಾಠ ಮಾಡಿದರು. ಟಿ. ವಿ. ರಾಮನ್ ಅವರೂ ಕಣ್ಣು ಕಾಣದವರು. 1994ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ಪಿಎಚ್‌ಡಿಯೇ ಗಣಿತವನ್ನು ಕಂಪ್ಯೂಟರ್ ಓದಿ ಹೇಳುವ ಬಗ್ಗೆ. ಇಬ್ಬರೂ ತಮಗೆ ಬೇಕಾದ ದಾರಿಯನ್ನೇ ಸಂಶೋಧನೆ ಮಾಡಿಕೊಂಡರು.

ವಿಷಯ ಬದಲಿಸಬೇಡಿ. ಗೈಡ್ ಆರಿಸುವಾಗ ಒಂದು ಪ್ರಶ್ನೆ ಕೇಳಿ: ನೋಟ್ಸ್ ಮತ್ತು ಲೇಖನಗಳನ್ನು ಲೇಟೆಕ್ (LaTeX, ಗಣಿತವನ್ನು ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ ಬರೆಯುವ ವಿಧಾನ) ಫೈಲ್ ಆಗಿ ಕೊಡುತ್ತೀರಾ? ಚಿತ್ರವಾಗಿ ಸ್ಕ್ಯಾನ್ ಮಾಡಿದ ಪುಟ, ಪರದೆಯನ್ನು ಓದಿ ಹೇಳುವ ನಿಮ್ಮ ಸ್ಕ್ರೀನ್ ರೀಡರ್‌ಗೆ ಖಾಲಿ ಗೋಡೆ. ಲೇಟೆಕ್‌ನಲ್ಲಾದರೆ ಪ್ರತಿ ಚಿಹ್ನೆಯೂ ಅಕ್ಷರದಲ್ಲೇ ಇರುತ್ತದೆ. ಈಗಲೇ ಅದನ್ನು ಕಲಿಯಲು ಶುರು ಮಾಡಿ, ಸೇರುವ ಹೊತ್ತಿಗೆ ಕೈ ಪಳಗಿರುತ್ತದೆ.