ಮನೆಯಲ್ಲಿ ಕಲಿತ ಮಗಳೂ ಗಡಿಯಾರವಿಟ್ಟ ಪರೀಕ್ಷೆಯೂ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನೂ ಅದರೊಂದಿಗೆ ಕಳುಹಿಸಿದ ರಫ್ ಹಾಳೆಯನ್ನೂ ಎರಡೆರಡು ಸಲ ನೋಡಿದೆ. ನಾಲ್ಕು ವರ್ಷಗಳಿಂದ ಮನೆಯಲ್ಲೇ ಕಲಿಯುತ್ತಿರುವ ಹದಿನಾರರ ಮಗಳಿಗೆ ಗಣಿತ ಚೆನ್ನಾಗಿಯೇ ಬರುತ್ತದೆ, ಆದರೆ ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆಯಾದ ಎಸ್‌ಎಟಿಯ ಅಭ್ಯಾಸಕ್ಕೆ ಕೂರಿಸಿದರೆ ಗಣಿತದ ಒಂದು ಭಾಗದ 22 ಪ್ರಶ್ನೆಗಳಲ್ಲಿ 13 ಮುಗಿಯುವಷ್ಟರಲ್ಲಿ ಸಮಯ ತೀರುತ್ತದೆ ಎಂದು ಬರೆದಿದ್ದೀರಿ. ಇನ್ನು ಮುಂದೆ ದಿನದ ಎಲ್ಲ ಪಾಠಗಳಿಗೂ ಗಡಿಯಾರ ಇಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಇಡಬೇಡಿ.

ಕಾರಣ ಆ ಹಾಳೆಯಲ್ಲೇ ಇದೆ. ಮಾಡಿದ 13ರಲ್ಲಿ 12 ಸರಿಯಾಗಿವೆ. ಏಳನೆಯ ಲೆಕ್ಕವನ್ನು ಮಾತ್ರ ನಾಲ್ಕು ಸಲ ಹೊಡೆದುಹಾಕಿ, ಐದನೆಯ ಸಲ ಬಿಡಿಸಿದ್ದಾಳೆ. 35 ನಿಮಿಷಕ್ಕೆ 22 ಪ್ರಶ್ನೆ ಎಂದರೆ ಒಂದಕ್ಕೆ ಸಿಗುವುದು ಸುಮಾರು 95 ಸೆಕೆಂಡು. ಆ ಒಂದು ಲೆಕ್ಕ ಉಳಿದ ಐದಾರು ಲೆಕ್ಕಗಳ ಪಾಲನ್ನು ನುಂಗಿರಬೇಕು. ಹಿಡಿದ ಲೆಕ್ಕವನ್ನು ಬಿಡದ ಈ ಹಟ ನಿಮ್ಮ ಮನೆಪಾಠ ಅವಳಿಗೆ ಕೊಟ್ಟ ದೊಡ್ಡ ಗುಣ, ಅದು ಪಾಠದ ಹೊತ್ತಿನಲ್ಲಿ ಹಾಗೆಯೇ ಉಳಿಯಲಿ. ಪರೀಕ್ಷೆಯ ಹೊತ್ತಿಗೆ ಬೇಕಾದದ್ದು ಬಿಟ್ಟು ಮುಂದೆ ಹೋಗುವ ಅಭ್ಯಾಸ, ಅದನ್ನು ಬೇರೆಯಾಗಿಯೇ ಕಲಿಸಬೇಕು.

ಮೊದಲ ಎರಡು ವಾರ ಮಿತಿಯನ್ನೇ ಹಾಕದೆ, ಪ್ರತಿ ಲೆಕ್ಕ ಶುರುಮಾಡಿದ ಗಳಿಗೆಯನ್ನು ಅಂಚಿನಲ್ಲಿ ಬರೆದುಕೊಳ್ಳಲು ಹೇಳಿ. ಹೊತ್ತು ಹೋಗುತ್ತಿರುವುದು ಪ್ರಶ್ನೆ ಓದುವುದರಲ್ಲೋ, ಗುಣಾಕಾರದಲ್ಲೋ, ಸರಿಯಾದ ಉತ್ತರವನ್ನೇ ಮತ್ತೆ ಮತ್ತೆ ತಾಳೆ ನೋಡುವುದರಲ್ಲೋ ಎಂಬುದು ಆಗ ಅವಳಿಗೇ ತಿಳಿಯುತ್ತದೆ. ಆಮೇಲೆ ಎರಡು ಸುತ್ತಿನ ಅಭ್ಯಾಸ ಮಾಡಿಸಿ: ಓದಿದ ಅರ್ಧ ನಿಮಿಷದಲ್ಲಿ ದಾರಿ ಹೊಳೆಯದ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಬೇಕು, ಉಳಿದವು ಮುಗಿದ ಮೇಲೆ ಮರಳಬೇಕು. ಎಸ್‌ಎಟಿಯ ಪರದೆಯಲ್ಲಿ ಹೀಗೆ ಗುರುತು ಹಾಕುವ ಅನುಕೂಲವಿದೆ, ಆದರೆ ಒಂದು ಭಾಗದ ಸಮಯ ಮುಗಿದರೆ ಅದಕ್ಕೆ ಮತ್ತೆ ಹೋಗಲಾಗದು. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಆ ಒಂಬತ್ತು ಪ್ರಶ್ನೆಗಳನ್ನು ಖಾಲಿ ಬಿಟ್ಟದ್ದು ನನಗೆ ನಿಜಕ್ಕೂ ನೋವಾಯಿತು. ಕೊನೆಯ ನಿಮಿಷದಲ್ಲಿ ಊಹಿಸಿಯಾದರೂ ಗುರುತಿಸಬೇಕಿತ್ತು. ಅಂಕ ಕಳೆಯುವ ಪರೀಕ್ಷೆಗಳಲ್ಲಿ ಲೆಕ್ಕಾಚಾರವೇ ಬೇರೆ.

ಪೂರ್ಣ ಪರೀಕ್ಷೆ, ಅಂದರೆ ನಡುವಿನ 10 ನಿಮಿಷದ ಬಿಡುವನ್ನು ಹೊರತುಪಡಿಸಿ 2 ಗಂಟೆ 14 ನಿಮಿಷ, ಎರಡು ವಾರಕ್ಕೊಮ್ಮೆ ಸಾಕು. ಮರುದಿನವೆಲ್ಲ ತಪ್ಪಿದ ಪ್ರಶ್ನೆಗಳಿಗೆ ಮೀಸಲಿರಲಿ. ಇದರಿಂದ ಕಲಿಕೆ ಕುಂಟುತ್ತದೆಂಬ ಅಂಜಿಕೆ ಬೇಡ. ಓದಿದ್ದನ್ನೇ ಮತ್ತೆ ಓದಿದವರಿಗಿಂತ ನೆನಪಿನಿಂದ ಬರೆದು ಪರೀಕ್ಷಿಸಿಕೊಂಡವರು ಒಂದು ವಾರದ ನಂತರ ಹೆಚ್ಚು ನೆನಪಿಟ್ಟಿದ್ದರೆಂದು ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ.

ನೀವು ಕೇಳದ ಇನ್ನೊಂದು ಮಾತನ್ನೂ ಹೇಳಬೇಕು. ಮನೆಯಲ್ಲಿ ಕಲಿಯುವ ಮಗು ತಲೆ ಎತ್ತಿದರೆ ಕಾಣುವುದು ಅಮ್ಮನ ಮುಖ, ಆ ಮುಖದಲ್ಲೇ ಉತ್ತರ ಸರಿಯೋ ತಪ್ಪೋ ಅರ್ಧ ತಿಳಿದುಬಿಡುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಅದಿಲ್ಲ. ಅಲ್ಲಿರುವುದು ಪಕ್ಕದವರ ಕೆಮ್ಮು, ಕುರ್ಚಿಯ ಸದ್ದು, ತನಗಿಂತ ಬೇಗ ಮುಗಿಸಿದವರ ನಿಟ್ಟುಸಿರು. ಆದ್ದರಿಂದ ಕೊನೆಯ ಮೂರು ಅಭ್ಯಾಸಗಳನ್ನಾದರೂ ಗ್ರಂಥಾಲಯದಂಥ ಜನವಿರುವ ಕಡೆ ಬೆಳಗಿನ ಹೊತ್ತಿನಲ್ಲಿ ಮಾಡಿಸಿ, ನೀವು ಹೊರಗಿರಿ. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತನ್ನ ಭಯವನ್ನು ಕಾಗದಕ್ಕೆ ಇಳಿಸಿದ ಆತಂಕದ ವಿದ್ಯಾರ್ಥಿಗಳು ಹೆಚ್ಚು ಚೆನ್ನಾಗಿ ಬರೆದರೆಂದು ಸಂಶೋಧಕರಾದ ರಾಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಪ್ರಕಟಿಸಿದ್ದರು. ಖರ್ಚಿಲ್ಲದ ಈ ಉಪಾಯವನ್ನು ಮಾಡಿ ನೋಡಬಹುದು.

ಓದುವ ವೇಗಕ್ಕೇ ವೈದ್ಯಕೀಯ ಕಾರಣವೇನಾದರೂ ಇದ್ದರೆ ಹೆಚ್ಚುವರಿ ಸಮಯಕ್ಕೆ ಮುಂಚಿತವಾಗಿ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕಾಗುತ್ತದೆ, ಅದಕ್ಕೆ ಹಲವು ವಾರಗಳು ಹಿಡಿಯಬಹುದು. ಎರಡು ತಿಂಗಳ ನಂತರದ ರಫ್ ಹಾಳೆಯನ್ನೂ ಕಳುಹಿಸಿಕೊಡಿ. ಏಳನೆಯ ಲೆಕ್ಕದ ಜಾಗವನ್ನೇ ಮೊದಲು ನೋಡುತ್ತೇನೆ.

— ಸಂಪಾದಕರು