ಮಾಂಡೋವಿಗೆ ಎಂಥ ಹಾಯಿದೋಣಿ?

ಪ್ರಶ್ನೆ: ನಾವು ಖಾನಾಪುರದವರು. ಒಂಬತ್ತು ವರ್ಷದಿಂದ ಗೋವಾದ ರಿಬಂದರ್‌ನಲ್ಲಿದ್ದೇವೆ. ಊರಲ್ಲಿ ಮಹದಾಯಿ ಅಂತ ಕರೆಯುತ್ತಿದ್ದ ಹೊಳೆಯೇ ಇಲ್ಲಿ ಮಾಂಡೋವಿ, ಮನೆ ಮುಂದೆಯೇ ಹರಿಯುತ್ತದೆ. ಮಗಳಿಗೆ 12 ವರ್ಷ, ಈಜು ಬರುತ್ತದೆ. ಅವಳ ಜೊತೆ ಓಡಿಸಲು ಹಾಯಿದೋಣಿ ಬೇಕು. 16 ಅಡಿಯ ಹಳೇ ಫೈಬರ್ ದೋಣಿ ಕಡಿಮೆ ಬೆಲೆಗೆ ಸಿಗುತ್ತಿದೆ. ತಳಕ್ಕೆ 3 ಅಡಿ ಆಳದ ಕಬ್ಬಿಣದ ಕೀಲ್ (ನೀರಿನೊಳಕ್ಕೆ ಚಾಚಿದ, ಕದಲದ ರೆಕ್ಕೆಯಂಥ ಭಾಗ) ಇದೆ. ತಗೊಳ್ಳಲಾ? ಇಲ್ಲ ಪ್ಲೈವುಡ್‌ನಲ್ಲಿ ನಾವೇ ಕಟ್ಟಿಕೊಳ್ಳಬಹುದಾ?
– ಒಬ್ಬ ಓದುಗರು, ರಿಬಂದರ್

ಉತ್ತರ: ಆ ದೋಣಿ ಬೇಡ. ಒಂದು ದಿನ ಇಳಿತದ ಹೊತ್ತಿಗೆ ಫೆರಿ ಹತ್ತಿ ಎದುರಿನ ಚೋರಾವ್ ದ್ವೀಪದ ದಂಡೆ ನೋಡಿ ಬನ್ನಿ. ಬೆಳಿಗ್ಗೆ ನೀರಿದ್ದ ಕಡೆ ಕೆಸರು ಕಾಣುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತಕ್ಕೂ ಇಳಿತಕ್ಕೂ ಸುಮಾರು 2 ಮೀಟರ್ ವ್ಯತ್ಯಾಸ ಇರುತ್ತದೆ.

ನಾನು ತದಡಿ ಕಡೆಯವನು. ಅಪ್ಪನ ಪಾತಿದೋಣಿ ಮೊಣಕಾಲುದ್ದ ನೀರಲ್ಲೂ ಹೋಗುತ್ತಿತ್ತು. ಅದನ್ನು ಕಂಡು ಬೆಳೆದವನು ಗೋವಾಕ್ಕೆ ಬಂದು ಕೀಲ್ ಇರುವ ದೋಣಿಯನ್ನೇ ಕೊಂಡೆ. ಜುವಾರಿ ಹೊಳೆಯಲ್ಲಿ ಒಂದು ಸಂಜೆ ಅದು ಕೆಸರಿನಲ್ಲಿ ಸಿಕ್ಕಿಕೊಂಡಿತು. ನೀರು ಇಳಿದಂತೆ ಪಕ್ಕಕ್ಕೆ ವಾಲಿತು. ತಳ್ಳೋಣ ಅಂತ ಇಳಿದೆ, ಸಿಂಪಿ ಚಿಪ್ಪಿಗೆ ಅಂಗಾಲು ಸೀಳಿತು. ಮತ್ತೆ ಭರತ ಬರುವವರೆಗೆ 5 ಗಂಟೆ ಕತ್ತಲಲ್ಲಿ ಕೂತಿದ್ದೆ. ಮಗಳು ಜೊತೆಗಿದ್ದಾಗ ನಿಮಗೆ ಹಾಗಾಗಬಾರದು.

ನೀರಿನ ಕೆಳಗಿರುವುದೆಲ್ಲ ಕೈಯಿಂದ ಎತ್ತಲು ಬರುವಂತಿರಬೇಕು. ಚಪ್ಪಟೆ ತಳದ 12 ಅಡಿಯ ದೋಣಿ ಕಟ್ಟಿ. ಅದು ಅರ್ಧ ಅಡಿ ನೀರಲ್ಲೂ ತೇಲುತ್ತದೆ, ಇಬ್ಬರೇ ದಡಕ್ಕೆ ಎಳೆಯಬಹುದು.

ಆದರೆ ಚಪ್ಪಟೆ ತಳದ ದೋಣಿ ಗಾಳಿಗೆ ಅಡ್ಡಡ್ಡ ಜಾರುತ್ತದೆ. ಅದನ್ನು ತಡೆಯಲು ನೀರಿಗಿಳಿಯುವ ಹಲಗೆ ಬೇಕು. ಜಾಸ್ತಿ ಜನ ಅದಕ್ಕೆ ದೋಣಿಯ ನಡುವೆ ಸೀಳು ಬಿಟ್ಟು ಪೆಟ್ಟಿಗೆ ಕೂರಿಸುತ್ತಾರೆ. ನಮ್ಮ ಹೊಳೆಯಲ್ಲಿ ಆ ಸೀಳಿಗೆ ಕೆಸರು, ಚಿಪ್ಪು ಹೊಕ್ಕು ಹಲಗೆ ಕಚ್ಚಿಕೊಳ್ಳುತ್ತದೆ. ನಾನು ಹಲಗೆಯನ್ನು ದೋಣಿಯ ಹೊರಮೈಗೆ ಒಂದೇ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಮೇಲೆ ತಿರುಗುವ ಹಾಗೆ ಕಟ್ಟಿದ್ದೇನೆ. 4 ಅಡಿ ಉದ್ದ, 10 ಇಂಚು ಅಗಲ. ನೆಲ ತಾಕಿದರೆ ಟಕ್ ಅಂತ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಇಲ್ಲಿ ಇನ್ನೆಷ್ಟು ಆಳ ಉಳಿದಿದೆ ಅಂತ ಆ ಸದ್ದೇ ಹೇಳುತ್ತದೆ. ಚುಕ್ಕಾಣಿಯೂ ಹಾಗೇ ಮಡಚುವಂತಿರಲಿ.

ಕಟ್ಟುವುದು ನಿಮ್ಮಿಂದ ಖಂಡಿತ ಆಗುತ್ತದೆ. ಪ್ಲೈವುಡ್ ಹಾಳೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಒಳಸಂದಿಗೆ ಎಪಾಕ್ಸಿ ಅಂಟು ತುಂಬಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸುವ ವಿಧಾನ ಇದೆ. 1962ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್, ಬ್ಯಾರಿ ಬಕ್‌ನೆಲ್ ಇದೇ ರೀತಿಯಲ್ಲಿ 'ಮಿರರ್' ದೋಣಿ ರೂಪಿಸಿದರು. ಅಂಥವು 70,000ಕ್ಕೂ ಹೆಚ್ಚು ತಯಾರಾಗಿವೆ, ಎಷ್ಟೋ ಮನೆಯಲ್ಲೇ ಕಟ್ಟಿದವು.

ಪ್ಲೈವುಡ್‌ನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಐಎಸ್ 710 (ನೀರಲ್ಲಿ ಬಳಸುವ ಮರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ) ಗುರುತಿರುವ 6 ಮಿಲಿಮೀಟರ್ ಹಾಳೆ ಕೇಳಿ. ಆ ದರ್ಜೆಯ ಪ್ಲೈವುಡ್ಡನ್ನು 72 ಗಂಟೆ ಕುದಿಸಿ ಪರೀಕ್ಷಿಸುತ್ತಾರೆ. ಗುರುತು ನೋಡಿ ಸುಮ್ನೆ ನಂಬಬೇಡಿ. ಅಂಗೈಯಗಲದ ತುಂಡನ್ನು ಮನೆಯಲ್ಲೇ ಒಂದು ದಿನ ಕುದಿಸಿ. ಪದರ ಬಿಟ್ಟರೆ ಹಾಳೆ ವಾಪಸ್ ಕೊಡಿ.

ಹಾಯಿ ಒಂದೇ ಸಾಕು, ಸುಮಾರು 7 ಚದರ ಮೀಟರಿನ ನಾಲ್ಕು ಮೂಲೆಯದು. ಅದರ ಮೇಲಂಚನ್ನು ಒಂದು ಬಿದಿರಿಗೆ ಕಟ್ಟಿ ಗಿಡ್ಡ ಕಂಬಕ್ಕೆ ಏರಿಸುತ್ತಾರೆ. ಹಗ್ಗ ಬಿಟ್ಟರೆ ಎಲ್ಲ ಕೆಳಗೆ ಬರುತ್ತದೆ. ಏರಿಸಿದ ಮೇಲೆ ಮುಂದಿನ ಕೆಳಮೂಲೆಯ ಹಗ್ಗವನ್ನು ಮೈಭಾರ ಹಾಕಿ ಬಿಗಿಯಿರಿ. ಅದು ಸಡಿಲವಾದರೆ ದೋಣಿ ಗಾಳಿಗೆ ಎದುರಾಗಿ ಏರುವುದೇ ಇಲ್ಲ. ಹೊಸಬರು ಹಾಯಿಯನ್ನು ದೂರುತ್ತಾರೆ, ತಪ್ಪು ಆ ಹಗ್ಗದ್ದು.

ಮಳೆಗಾಲ ಕಳೆದ ಮೇಲೆ ಶುರುಮಾಡಿ. ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನಿಂದ. ಬೆಳಿಗ್ಗೆ ಇಳಿತ, ಮಧ್ಯಾಹ್ನ ಭರತ ಇರುವ ದಿನ ಆರಿಸಿದರೆ ಪಣಜಿ ಕಡೆಗೆ ಹೋಗುವಾಗಲೂ ಬರುವಾಗಲೂ ಗಾಳಿ, ನೀರು ಎರಡೂ ನಿಮ್ಮ ಜೊತೆಗಿರುತ್ತವೆ. ನಡುಹೊಳೆ ಬಾರ್ಜ್‌ಗಳ (ಸರಕು ಸಾಗಿಸುವ ದೊಡ್ಡ ದೋಣಿಗಳ) ದಾರಿ, ಅಲ್ಲಿಗೆ ಹೋಗಬೇಡಿ. ಈಜು ಬಂದರೂ ಮಗಳಿಗೆ ಲೈಫ್ ಜಾಕೆಟ್ ಬೇಕೇ ಬೇಕು, ನಿಮಗೂ ಅಷ್ಟೇ. ಮನೆಗೆ ಬಂದ ಕೂಡಲೇ ಹಲಗೆಯ ಬೋಲ್ಟ್ ಬಿಚ್ಚಿ ಸಿಹಿನೀರಲ್ಲಿ ತೊಳೆದು, ಗ್ರೀಸ್ ಹಚ್ಚಿಡಿ.